ಎಕ್ಸ್‌ರೇ ನಾರ್ಮಲ್, ಆದ್ರೆ ಮಂಡಿ?

ಪ್ರತಿ ವರ್ಷ ಇಂಟರ್ ಬ್ರಾಂಚ್ ಫುಟ್‌ಬಾಲ್ ಮುಗಿಯುವಷ್ಟರಲ್ಲಿ ನಮ್ಮ ಹಾಸ್ಟೆಲ್‌ನಲ್ಲಿ ಇಬ್ಬರೋ ಮೂವರೋ ಕುಂಟುತ್ತಿರುತ್ತಾರೆ. ಅವರಿಗೆ ಸಿಗುವ ಸಲಹೆಗಳೂ ಪ್ರತಿ ವರ್ಷ ಅವೇ. "ಸ್ಪ್ರೇ ಹೊಡಿ ಮಗಾ", "ಬಿಸಿನೀರು ಹಾಕು", "ಕ್ರೇಪ್ ಬ್ಯಾಂಡೇಜ್ ಸುತ್ಕೊಂಡು ಮಲಗು, ಬೆಳಿಗ್ಗೆ ಸರಿಹೋಗುತ್ತೆ". ಬಹಳ ಸಲ ಸರಿಹೋಗುತ್ತೆ ಕೂಡ. ತೊಂದರೆ ಇರೋದು ಸರಿಹೋಗದ ಆ ಒಂದು ಮಂಡಿಯಲ್ಲಿ, ಯಾಕಂದ್ರೆ ಮೊದಲ ದಿನ ಅದೂ ಉಳಿದವುಗಳ ಥರಾನೇ ಕಾಣಿಸುತ್ತೆ.

ನಾವು ಎಲ್ಲವನ್ನೂ ನೋವಿನಿಂದ ಅಳೆಯುತ್ತೇವೆ. ಮಂಡಿಯ ವಿಷಯದಲ್ಲಿ ನೋವು ಅಷ್ಟು ನಂಬಬಹುದಾದ ಮೀಟರ್ ಅಲ್ಲ. ಸಿಮೆಂಟ್ ನೆಲದ ಮೇಲೆ ಬಿದ್ದು ಚರ್ಮ ತರಚಿದರೆ ಪ್ರಾಣ ಹೋದ ಹಾಗೆ ಉರಿಯುತ್ತೆ, ನಾಲ್ಕು ದಿನಕ್ಕೆ ಹಕ್ಕು ಕಟ್ಟಿ ಉದುರುತ್ತೆ. ಲಿಗಮೆಂಟ್ ಪೂರ್ತಿ ಹರಿದವನ ನೋವು ಎರಡು ವಾರದಲ್ಲಿ ಎಷ್ಟೋ ಕಮ್ಮಿಯಾಗಿ ಅವನು ಮತ್ತೆ ಶೂ ಕಟ್ಟೋಕೆ ಕೂತಿರುತ್ತಾನೆ. ಹಾಗಾಗಿ ಎಷ್ಟು ನೋವಿದೆ ಅನ್ನೋದಕ್ಕಿಂತ ಉಪಯೋಗಕ್ಕೆ ಬರುವ ಪ್ರಶ್ನೆಗಳು ಬೇರೆ: ಬಿದ್ದ ಕ್ಷಣದಲ್ಲಿ ಏನಾಯ್ತು? ಊತ ಯಾವಾಗ ಬಂತು? ಈಗ ಮಂಡಿಗೆ ಏನು ಮಾಡೋಕೆ ಆಗ್ತಿಲ್ಲ?

ಸ್ವಲ್ಪ ಒಳಗೆ ನೋಡೋಣ. ಮಂಡಿಯನ್ನು ಬಾಗಿಲಿನ ಹಿಂಜ್ ಅಂತ ಹೇಳಿಕೊಡ್ತಾರೆ, ಆದರೆ ಅದು ಬರೀ ಮಡಚೋದಲ್ಲ, ಉರುಳುತ್ತೆ, ಜಾರುತ್ತೆ, ಸ್ವಲ್ಪ ತಿರುಗುತ್ತೆ ಕೂಡ. ತೊಡೆಮೂಳೆ ಮತ್ತು ಮೊಣಕಾಲ ಕೆಳಗಿನ ಮೂಳೆಯನ್ನು ನಾಲ್ಕು ಮುಖ್ಯ ಲಿಗಮೆಂಟ್‌ಗಳು ಹಿಡಿದಿಟ್ಟಿವೆ. ನಡುವೆ ವಾಷರ್ ಥರ ಎರಡು ಮೆನಿಸ್ಕಸ್. ಇದಕ್ಕೆ ಒಂದು ಒಳ್ಳೆ ಕನ್ನಡ ಪದ ನನಗೆ ಸಿಕ್ಕಿಲ್ಲ, ಸಿಕ್ಕವರು ಕ್ಲಬ್ಬಿಗೆ ಬರೆದು ಕಳಿಸಿ. ಲಿಗಮೆಂಟ್‌ಗಳಲ್ಲಿ ಎಸಿಎಲ್ ಅನ್ನೋದು ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ ತಡೆಯುತ್ತೆ. ಅದು ಹರಿಯೋದಕ್ಕೆ ಯಾರೂ ಬಂದು ಗುದ್ದಬೇಕಾಗಿಲ್ಲ. ಓಡ್ತಾ ಓಡ್ತಾ ಪಾದ ನೆಲಕ್ಕೆ ಊರಿ, ಮೈ ಮಾತ್ರ ಇನ್ನೊಂದು ಕಡೆ ತಿರುಗಿದರೆ ಸಾಕು. ಎಷ್ಟೋ ಜನಕ್ಕೆ ಆ ಹೊತ್ತಿನಲ್ಲಿ "ಟಕ್" ಅಂತ ಏನೋ ಕಿತ್ತುಬಂದ ಹಾಗೆ ಅನಿಸುತ್ತೆ.

ಎಸಿಎಲ್ ಒಳಗೆ ರಕ್ತನಾಳಗಳಿವೆ. ಹರಿದಾಗ ಕೀಲಿನ ಒಳಗೇ ರಕ್ತ ತುಂಬಿ, ಒಂದೆರಡು ಗಂಟೆಯಲ್ಲೇ ಮಂಡಿ ತೆಂಗಿನಕಾಯಿ ಹಾಗಾಗುತ್ತೆ. ಮೆನಿಸ್ಕಸ್‌ಗೆ ರಕ್ತದ ಸರಬರಾಜು ಕಮ್ಮಿ, ಅದು ಹರಿದರೆ ಊತ ಸಾಮಾನ್ಯವಾಗಿ ನಿಧಾನ, ಮರುದಿನ ಬೆಳಿಗ್ಗೆ ಏಳುವಾಗ ಗೊತ್ತಾಗುತ್ತೆ. ಅಂದ್ರೆ ಊತ ಬಂದ ಟೈಮ್ ಅನ್ನೋದೇ ಒಂದು ರೀಡಿಂಗ್. ಮ್ಯಾಚ್ ಮುಗಿದು ಮೆಸ್‌ಗೆ ಹೋಗೋ ಹೊತ್ತಿಗೇ ಊದಿದ್ದರೆ ಅದನ್ನ ಡಾಕ್ಟರ್‌ಗೆ ತೋರಿಸಲೇಬೇಕು, ನಡೆಯೋಕೆ ಆದರೂ ಸರಿ.

ಇನ್ನು ಮಂಡಿಗೆ ಆಗದ ಕೆಲಸಗಳು. ಮೆಟ್ಟಿಲು ಇಳಿಯುವಾಗ ಕಾಲು ಇದ್ದಕ್ಕಿದ್ದಂತೆ ಕಳಚಿಕೊಂಡ ಹಾಗೆ ಕುಸಿಯೋದು. ಅರ್ಧ ಮಡಚಿದ ಕಾಲು ಅಲ್ಲೇ ಸಿಕ್ಕಿಕೊಂಡು ಪೂರ್ತಿ ಚಾಚೋಕೆ ಬರದೇ ಇರೋದು. ಹರಿದ ಮೆನಿಸ್ಕಸ್‌ನ ತುಂಡು ಬಾಗಿಲ ಸಂದಿನಲ್ಲಿ ಕಲ್ಲು ಸಿಕ್ಕ ಹಾಗೆ ಅಡ್ಡ ಕೂತಿರಬಹುದು, ಎಳೆದು ಜಗ್ಗಿ ಬಿಡಿಸಬಾರದು. ಮಲಗಿಕೊಂಡು ಮಂಡಿ ನೇರ ಇಟ್ಟು ಕಾಲು ಎತ್ತೋಕೆ ಆಗದಿದ್ದರೆ, ಮಂಡಿಚಿಪ್ಪಿನ ಮೇಲಿನದೋ ಕೆಳಗಿನದೋ ಸ್ನಾಯುರಜ್ಜು ಹರಿದಿರಬಹುದು, ಅಥವಾ ಚಿಪ್ಪೇ ಮುರಿದಿರಬಹುದು. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ, ಆ ಏರಿಯಾಗೆ ಮಿನಿ ಬ್ರೆಜಿಲ್ ಅಂತಾನೇ ಹೆಸರು. ಅಲ್ಲಿ ಯಾರನ್ನ ಕೇಳಿದರೂ ಬ್ರೆಜಿಲ್‌ನ ರೊನಾಲ್ಡೊ ಕಥೆ ಹೇಳಬಹುದು. ಮಂಡಿಚಿಪ್ಪಿನ ಕೆಳಗಿನ ಆ ರಜ್ಜಿಗೆ 1999ರ ಕೊನೆಯಲ್ಲಿ ಆಪರೇಷನ್ ಆಗಿ, 2000ದ ಏಪ್ರಿಲ್‌ನಲ್ಲಿ ಮೈದಾನಕ್ಕೆ ವಾಪಸ್ ಬಂದ ಕೆಲವೇ ನಿಮಿಷದಲ್ಲಿ ಅದು ಪೂರ್ತಿ ಕಿತ್ತುಹೋಯ್ತು. ಆಮೇಲೆ ತುಂಬಾ ಕಾಲ ಆಡಲಿಲ್ಲ. 2002ರ ವಿಶ್ವಕಪ್‌ನಲ್ಲಿ 8 ಗೋಲು ಹೊಡೆದ.

ಈಗ ಎಕ್ಸ್‌ರೇ ವಿಷಯ. ನಮ್ಮ ಮೆಕ್ಯಾನಿಕಲ್‌ನ ಒಬ್ಬ ಗೆಳೆಯ ಬಿದ್ದ ಮರುದಿನವೇ ಎಕ್ಸ್‌ರೇ ತೆಗೆಸಿದ್ದ. "ನಾರ್ಮಲ್" ಅಂತ ಬಂತು. ನಾವೆಲ್ಲ ಖುಷಿಪಟ್ವಿ. ಊತ ಇಳಿದ ಮೇಲೆ ಬಂದು ತೋರಿಸಿ ಅಂತ ಡಾಕ್ಟರ್ ಹೇಳಿದ್ದರು, ಅವನು ಹೋಗಲಿಲ್ಲ. ತಿಂಗಳಾದ ಮೇಲೆ ಬರೀ ವಾರ್ಮ್‌ಅಪ್‌ನಲ್ಲಿ ಮಂಡಿ ಕುಸಿಯಿತು. ಎಂಆರ್‌ಐನಲ್ಲಿ ಎಸಿಎಲ್ ಜೊತೆಗೆ ಮೆನಿಸ್ಕಸ್ ಕೂಡ ಹರಿದಿರೋದು ಕಾಣಿಸಿತು. ಎಕ್ಸ್‌ರೇ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಮೂಳೆ ಕಾಣುತ್ತೆ, ಲಿಗಮೆಂಟ್ ಕಾಣಲ್ಲ, ಅಷ್ಟೇ. ಲಿಗಮೆಂಟ್ ಪರೀಕ್ಷೆ ಮೊದಲು ಆಗೋದು ಡಾಕ್ಟರ ಕೈಯಿಂದ, ಮಂಡಿ ಸ್ವಲ್ಪ ಮಡಚಿ ಕೆಳಗಿನ ಮೂಳೆಯನ್ನ ಮುಂದಕ್ಕೆ ಎಳೆದು ನೋಡ್ತಾರೆ. ಊತ, ನೋವು ಜಾಸ್ತಿ ಇದ್ದಾಗ ಅದು ಸರಿಯಾಗಿ ಮಾಡೋಕಾಗಲ್ಲ, ಅದಕ್ಕೇ ಮತ್ತೆ ಬನ್ನಿ ಅನ್ನೋದು. ಎಸಿಎಲ್ ಹರಿದವರಿಗೆಲ್ಲ ಆಪರೇಷನ್ ಬೇಕು ಅಂತಲೂ ಇಲ್ಲ. ಕೆಲವರು ಫಿಸಿಯೋಥೆರಪಿಯಲ್ಲೇ ಚೆನ್ನಾಗಿ ನಡೆದಾಡಿಕೊಂಡಿದ್ದಾರೆ. ಆದರೆ ಹರಿದಿದೆ ಅಂತ ಗೊತ್ತಾಗಬೇಕಲ್ಲ!

ಎಕ್ಸ್‌ರೇ ಯಾರಿಗೆ ಬೇಕು ಅನ್ನೋದಕ್ಕೂ ಒಂದು ಸರಳ ನಿಯಮ ಇದೆ. 1990ರ ದಶಕದಲ್ಲಿ ಕೆನಡಾದ ಒಟ್ಟಾವಾದ ವೈದ್ಯರು ಮಾಡಿದ್ದು. ವಯಸ್ಸು 55 ಅಥವಾ ಮೇಲೆ, ಮಂಡಿಚಿಪ್ಪನ್ನು ಒತ್ತಿದರೆ ಅಲ್ಲಿ ಮಾತ್ರ ನೋವು, ಮಂಡಿಯ ಹೊರಬದಿಗೆ ಸ್ವಲ್ಪ ಕೆಳಗೆ ಕೈಗೆ ಸಿಗುವ ಮೂಳೆಯ ಗುಬುಟು ಒತ್ತಿದರೆ ನೋವು, 90 ಡಿಗ್ರಿ ಮಡಚೋಕೆ ಆಗದಿರೋದು, ಬಿದ್ದ ತಕ್ಷಣವೂ ಆಸ್ಪತ್ರೆಯಲ್ಲೂ ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡೋಕೆ ಆಗದಿರೋದು. ಇದರಲ್ಲಿ ಒಂದಿದ್ದರೂ ಎಕ್ಸ್‌ರೇ. ಒಂದೂ ಇಲ್ಲ ಅಂದ್ರೆ ಮುರಿತ ಇರೋ ಸಾಧ್ಯತೆ ತೀರಾ ಕಮ್ಮಿ. ಲಿಗಮೆಂಟ್ ಬಗ್ಗೆ ಈ ನಿಯಮ ಏನೂ ಹೇಳಲ್ಲ.

ಗಾಡಿಯಲ್ಲಿ ಬೀಳೋದು ಬೇರೆ ಲೆಕ್ಕ. ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರದ ಕಡೆ ದಿನಾ ಸ್ಕೂಟರ್‌ನಲ್ಲಿ ಬರುವವರಿಗೆ ಹೇಳಬೇಕಾಗಿಲ್ಲ. ಜೋರಾಗಿ ಬಿದ್ದು ಮಂಡಿಯ ಆಕಾರವೇ ಬದಲಾಗಿದ್ದರೆ, ಪಾದ ತಣ್ಣಗೆ, ಬಿಳುಚಿಕೊಂಡು, ಜೋಮು ಹಿಡಿದಿದ್ದರೆ ನಾಳೆ ಅನ್ನೋ ಮಾತೇ ಇಲ್ಲ, 108ಕ್ಕೆ ಫೋನ್ ಮಾಡಿ. ಮಂಡಿಯ ಹಿಂದೆ ಹೋಗುವ ದೊಡ್ಡ ರಕ್ತನಾಳಕ್ಕೆ ಪೆಟ್ಟಾಗಿದ್ದರೆ ಕಾಲು ಉಳಿಸೋಕೆ ಇರೋದು ಕೆಲವೇ ಗಂಟೆ. ಕೆಲವು ಸಲ ತಪ್ಪಿದ ಕೀಲು ತಾನಾಗೇ ವಾಪಸ್ ಕೂತು ನೋಡೋಕೆ ಸರಿ ಇರೋ ಹಾಗೆ ಕಾಣುತ್ತೆ, ಹಾಗಾಗಿ ಪಾದ ಮುಟ್ಟಿ ನೋಡಿ. ಕೀಲಿನ ಮೇಲೆ ಆಳವಾದ ಗಾಯ ಆಗಿದ್ದರೂ ಅವತ್ತೇ ಹೋಗಬೇಕು. ಪೆಟ್ಟಾಗಿ ಕೆಲವು ದಿನಕ್ಕೆ ಮಂಡಿ ಕೆಂಪಾಗಿ ಸುಡ್ತಾ ಜ್ವರ ಬಂದರೂ ಅಷ್ಟೇ, ಒಳಗೆ ಕೀವಾಗಿರಬಹುದು.

ನಮ್ಮ ಅಜ್ಜಿಗೆ ಬೇಜಾರಾಗುತ್ತೆ, ಆದ್ರೂ ಬರೀತೀನಿ. ಬೆಂಗಳೂರಲ್ಲಿ ಎಲ್ಲಿ ನೋಡಿದರೂ ಪುತ್ತೂರು ಕಟ್ಟು ಅನ್ನೋ ಬೋರ್ಡ್ ಇದೆ (ಆಂಧ್ರದ ಪುತ್ತೂರು, ದಕ್ಷಿಣ ಕನ್ನಡದ್ದಲ್ಲ). ನಂಬಿಕೆ ಇರೋರು ತುಂಬಾ ಜನ. ಆದರೆ ಒಳಗೆ ಏನಾಗಿದೆ ಅಂತ ಗೊತ್ತಿಲ್ಲದೆ, ಇನ್ನೂ ಊದುತ್ತಿರುವ ಮಂಡಿಯನ್ನ ಎಣ್ಣೆ ಹಾಕಿ ನೀವಿ, ಬಿಗಿಯಾಗಿ ಕಟ್ಟೋದು ಅಪಾಯ. ಯಾರೇ ಕಟ್ಟಿರಲಿ, ಬೆರಳು ನೀಲಿಯಾದರೆ ಅಥವಾ ಜೋಮು ಹಿಡಿದರೆ ಕಟ್ಟು ಬಿಚ್ಚಿಸಿ. ಮೊದಲ ಎರಡು ದಿನ ಬಿಸಿನೀರೂ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್, ಒಂದು ಸಲಕ್ಕೆ 15–20 ನಿಮಿಷ, ಕಾಲು ದಿಂಬಿನ ಮೇಲೆ. ಸಣ್ಣ ಉಳುಕಾದರೆ ಇಷ್ಟರಲ್ಲೇ ದಿನದಿಂದ ದಿನಕ್ಕೆ ಹಗುರ ಅನಿಸುತ್ತೆ. ವಾರವಾದರೂ ಹಾಗೇ ಇದ್ದರೆ ತೋರಿಸಿ.

ನಮ್ಮ ಕಡೆಯವರಿಗೆ ಸರ್ಕಾರಿ ಆಸ್ಪತ್ರೆಗಳು ದೂರ ಇಲ್ಲ. ಶಿವಾಜಿನಗರದಲ್ಲಿ ಬೌರಿಂಗ್, ಇಂದಿರಾನಗರದಲ್ಲಿ ಸರ್ ಸಿ.ವಿ. ರಾಮನ್ ಜನರಲ್ ಆಸ್ಪತ್ರೆ, ಕೆ.ಆರ್. ಪುರದಲ್ಲೂ ಒಂದಿದೆ. ಒಪಿಡಿಗೆ ಬೆಳಿಗ್ಗೆ ಬೇಗ ಹೋಗಿ, ಮೇಲಕ್ಕೆ ಮಡಚೋಕೆ ಆಗುವ ಪ್ಯಾಂಟ್ ಹಾಕ್ಕೊಂಡು. ಮೂಳೆ ಡಾಕ್ಟರ್ ಮುಂದೆ "ತುಂಬಾ ನೋವು ಸಾರ್" ಅಂತಷ್ಟೇ ಹೇಳಿ ನಿಲ್ಲಿಸಬೇಡಿ. ಪಾದ ಊರಿತ್ತಾ, ಶಬ್ದ ಬಂತಾ, ಎಷ್ಟು ಹೊತ್ತಿಗೆ ಊದಿತು, ಎಷ್ಟು ಸಲ ಕುಸಿಯಿತು, ಯಾವ ಮಾತ್ರೆ ನುಂಗಿದ್ದೀರಿ, ಇಷ್ಟನ್ನ ಫೋನ್‌ನಲ್ಲಿ ಬರೆದಿಟ್ಟುಕೊಂಡು ಹೋಗಿ. ಚೀಟಿಯಲ್ಲಿ ಹತ್ತು ದಿನ ಬಿಟ್ಟು ಬನ್ನಿ ಅಂತ ಬರೆದಿದ್ದರೆ, ಅವತ್ತು ನೋವು ಇಲ್ಲದಿದ್ದರೂ ಹೋಗಿ.