ನಮ್ಮ ಬಡಾವಣೆಯಲ್ಲೊಂದು ಕಾರ್ಖಾನೆ ಇತ್ತು!

ಸಿದ್ಧಾರ್ಥನಗರದಂಥ ಬಡಾವಣೆಯಲ್ಲಿ ಬೆಳೆಯುವ ಮಗುವಿಗೆ ಮೈಸೂರೆಂದರೆ ಲಲಿತಮಹಲ್, ಮೃಗಾಲಯ, ಕಣ್ಣೆತ್ತಿದರೆ ಚಾಮುಂಡಿಬೆಟ್ಟ. ‘ಅರಮನೆಗಳ ನಗರ’ ಎಂಬ ಮಾತು ಪಠ್ಯಪುಸ್ತಕ ತೆರೆಯುವ ಮೊದಲೇ ಕಿವಿಗೆ ಬಿದ್ದಿರುತ್ತದೆ. ಆದರೆ ಇದೇ ಊರಿನ ಇನ್ನೊಂದು ಬದಿಯ ಅಷ್ಟೇ ಪ್ರಶಾಂತವಾದ ಬಡಾವಣೆಯೊಂದರಲ್ಲಿ ಮೋಟಾರ್ ಸೈಕಲ್‌ಗಳು ತಯಾರಾಗುತ್ತಿದ್ದವು ಎಂದರೆ ಇಂದಿನ ಎಷ್ಟು ವಿದ್ಯಾರ್ಥಿಗಳು ನಂಬಿಯಾರು?

ಅದು ಯಾದವಗಿರಿ. ಆಕಾಶವಾಣಿ, ರಾಮಕೃಷ್ಣ ಆಶ್ರಮ, ಮರಗಳ ನೆರಳಿನ ರಸ್ತೆಗಳು... ಇವುಗಳ ನಡುವೆಯೇ 1960ರ ದಶಕದ ಆರಂಭದಲ್ಲಿ ‘ಐಡಿಯಲ್ ಜಾವಾ’ ಕಾರ್ಖಾನೆ ತಲೆಯೆತ್ತಿತು. ತಂತ್ರಜ್ಞಾನ ಬಂದದ್ದು ಅಂದಿನ ಜೆಕೊಸ್ಲೊವಾಕಿಯಾದಿಂದ. ‘ಜಾವಾ’ ಎಂಬುದು ಇಂಡೋನೇಷ್ಯಾದ ದ್ವೀಪದ ಹೆಸರಲ್ಲ! ಸ್ಥಾಪಕ ಯಾನೆಚೆಕ್ ಮತ್ತು ಜರ್ಮನಿಯ ‘ವಾಂಡರರ್’ ಕಂಪನಿ, ಈ ಎರಡು ಹೆಸರುಗಳ ಮೊದಲಕ್ಷರಗಳು ಸೇರಿ 1929ರಲ್ಲಿ ಹುಟ್ಟಿದ ಹೆಸರು ಅದು. 1973ರಲ್ಲಿ ಮೈಸೂರಿನ ಬೈಕು ‘ಯೆಜ್ಡಿ’ ಎಂಬ ಸ್ವಂತ ಹೆಸರು ಪಡೆಯಿತು.

ಹೊಗೆಯ ಲೆಕ್ಕ

ಜಾವಾದ ವೈಶಿಷ್ಟ್ಯಗಳನ್ನು ಮನೆಯ ಹಿರಿಯರನ್ನು ಕೇಳಿ ನೋಡಿ. ಸಿಲಿಂಡರ್ ಒಂದೇ, ಹೊಗೆ ಕೊಳವೆ ಎರಡು. ಕಿಕ್ ಹೊಡೆಯುವ ಕಡ್ಡಿಯೇ ಗೇರ್ ಬದಲಿಸುವ ಕಡ್ಡಿ. ಎಂಜಿನ್ 250 ಸಿ.ಸಿ.ಯ ಟೂ ಸ್ಟ್ರೋಕ್, ಅಂದರೆ ಕ್ರ್ಯಾಂಕ್‌ಶಾಫ್ಟ್ ಸುತ್ತಿದ ಪ್ರತಿ ಸುತ್ತಿಗೂ ಒಮ್ಮೆ ಶಕ್ತಿ ಹೊಮ್ಮಿಸುವಂಥದ್ದು. ಬಿಡಿಭಾಗ ಕಡಿಮೆ, ಎಳೆತ ಜೋರು. ಆದರೆ ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯಬೇಕು. ಇಂಧನದ ಒಂದು ಪಾಲು ಉರಿಯದೆಯೇ ಹೊರಬೀಳುತ್ತದೆ.

ಇಲ್ಲಿಯೇ ಪೆಟ್ಟು ಬಿದ್ದದ್ದು. 1980ರ ದಶಕದಲ್ಲಿ ಜಪಾನಿ ಸಹಯೋಗದ 100 ಸಿ.ಸಿ. ಬೈಕುಗಳು ಬಂದವು. ಹೆಚ್ಚು ಮೈಲೇಜ್ ಕೊಡುವ ಬೈಕಿನತ್ತ ಮಧ್ಯಮವರ್ಗ ವಾಲಿತು. ಹೊಗೆ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ನಿವೃತ್ತಿಯವರೆಗೂ ಇದೇ ಕೆಲಸ ಎಂದು ನಂಬಿದ್ದವರ ಮನೆಗಳಲ್ಲಿ ಮಕ್ಕಳ ಶಾಲೆಯ ಶುಲ್ಕ, ಮನೆ ಬಾಡಿಗೆ ಎಲ್ಲವೂ ಒಮ್ಮೆಲೇ ಪ್ರಶ್ನೆಗಳಾದವು.

ಉಳಿದದ್ದೇನು?

ಇದೇ ಯಾದವಗಿರಿಯಲ್ಲಿ ಲೇಖಕ ಆರ್.ಕೆ. ನಾರಾಯಣ್ ಅವರ ಮನೆಯಿದೆ. 2011ರಲ್ಲಿ ಅದನ್ನು ಕೆಡವಲು ಹೊರಟಾಗ ನಾಗರಿಕರು ದನಿಯೆತ್ತಿದರು. ಮನೆ ಉಳಿಯಿತು, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಸಂತೋಷವೇ. ಬರೆದವರ ಮನೆ ಉಳಿಯಬೇಕು. ಆದರೆ ಬೋಲ್ಟು ಬಿಗಿದವರ ನೆನಪು?

ಅದು ಕಟ್ಟಡದಲ್ಲಿಲ್ಲ, ಕೈಗಳಲ್ಲಿದೆ. ಹಳೆಯ ಜಾವಾವನ್ನು ಸಂಪೂರ್ಣ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳು ಮೈಸೂರಿನಲ್ಲಿ ಇಂದಿಗೂ ಇದ್ದಾರೆ. ಅಂಥ ಬೈಕುಗಳನ್ನು ಮಗುವಿನಂತೆ ಸಾಕುವವರೂ ಇದ್ದಾರೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮಾರುಕಟ್ಟೆಗೆ ಮರಳಿದವು. ಆದರೆ ತಯಾರಿಕೆ ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರು ಮರಳಿತು, ಕಾರ್ಖಾನೆ ಯಾದವಗಿರಿಗೆ ಮರಳಲಿಲ್ಲ.

ಪಾಲಕರೇ, ‘ಒಳ್ಳೆಯ ಕಂಪನಿಗೆ ಸೇರಿಬಿಟ್ಟರೆ ಸಾಕು’ ಎಂದು ಮಕ್ಕಳಿಗೆ ಹೇಳುವ ಮುನ್ನ ಈ ಕತೆ ನೆನಪಿರಲಿ. ಕಂಪನಿಗೆ ಬೀಗ ಬೀಳಬಹುದು, ಕಲಿತ ಕೈಗೆ ಬೀಳುವುದಿಲ್ಲ. ಬಂದ ಹೊಸ ತಂತ್ರವನ್ನು ಮತ್ತೆ ಕಲಿಯುವ ಮನಸ್ಸಿದ್ದರೆ ಇನ್ನೂ ಒಳ್ಳೆಯದು.

ವಿದ್ಯಾರ್ಥಿಗಳೇ, ಮುಂದಿನ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ಬೀದಿಯ ಹಿರಿಯರೊಬ್ಬರ ಬಳಿ ಕುಳಿತು, ‘ನೀವು ಯಾವ ಕೆಲಸ ಮಾಡುತ್ತಿದ್ದಿರಿ, ಹೇಗೆ ಮಾಡುತ್ತಿದ್ದಿರಿ?’ ಎಂದು ಕೇಳಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಬಡಾವಣೆಯ ಚರಿತ್ರೆ ಅಲ್ಲಿಂದಲೇ ಶುರುವಾಗುತ್ತದೆ.