ಸ್ಕೋರಿಂಗ್ ಅಲ್ಲದ ಗಣಿತ

ಐದನೇ ಸೆಮಿಸ್ಟರ್ ಶುರುವಾದ ವಾರ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದೇ ಪ್ರಶ್ನೆ: ‘ಎನ್‌ಪಿಟಿಇಎಲ್‌ನಲ್ಲಿ ಯಾವ ಕೋರ್ಸು ಈಸಿ?’ ಎಂಟು ವಾರದಲ್ಲಿ ಮುಗಿಯಬೇಕು, ಸೀನಿಯರ್‌ಗಳ ಹತ್ತಿರ ಹಳೆಯ ಅಸೈನ್‌ಮೆಂಟ್ ಇರಬೇಕು, ರೆಸ್ಯೂಮೆಯಲ್ಲಿ ಚೆನ್ನಾಗಿ ಕಾಣಬೇಕು. ಮೂರೂ ಕೂಡಿಬಂದ ಕೋರ್ಸಿಗೆ ಅರ್ಧ ಕ್ಲಾಸು ಸೇರಿಕೊಂಡಿತು. ನಾನು 12 ವಾರದ ಲೀನಿಯರ್ ಆಲ್ಜೀಬ್ರಾ ತೆಗೆದುಕೊಂಡೆ. ‘ಏನಾಗಿದೆಯೇ ನಿಂಗೆ?’ ಅಂದಳು ರೂಮ್‌ಮೇಟ್.

ಆಗಿದ್ದು ಇಷ್ಟೇ. ಬಿಇ ಮುಗಿಸಿ ಭೌತವಿಜ್ಞಾನದ ಕಡೆ ಹೋಗಬೇಕೆಂಬ ಆಸೆ ನನಗೆ. ಪಿಯುಸಿಯಲ್ಲೇ ಇತ್ತು, ಸಿಇಟಿ ರ್‍ಯಾಂಕ್ ಬಂದ ಮೇಲೆ ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಲೆಕ್ಟ್ರಾನಿಕ್ಸ್ ಸೇರಿದೆ. ಎರಡನೇ ವರ್ಷದಲ್ಲಿ ಬೆಂಗಳೂರಿನ ಐಐಎಸ್‌ಸಿ ಓಪನ್ ಡೇಗೆ ಹೋದಾಗ, ಲ್ಯಾಬ್ ತೋರಿಸುತ್ತಿದ್ದ ಸಂಶೋಧನಾ ವಿದ್ಯಾರ್ಥಿಯೊಬ್ಬರನ್ನು ಅಂಜುತ್ತಲೇ ಕೇಳಿದೆ, ಬಿಇಯವರು ಈ ಕಡೆ ಬರಬಹುದಾ ಅಂತ. ‘ಬಂದಿದ್ದಾರಲ್ಲ! ಗೇಟ್‌ನಲ್ಲಿ ಫಿಸಿಕ್ಸ್ ಪತ್ರಿಕೆಯನ್ನು ನೀವೂ ಬರೆಯಬಹುದು. ಅದರ ಸಿಲಬಸ್‌ನ ಮೊದಲ ಭಾಗ ನೋಡಿ’ ಎಂದರು.

ಆ ಭಾಗದ ಹೆಸರೇ ಮ್ಯಾಥಮೆಟಿಕಲ್ ಫಿಸಿಕ್ಸ್. ನಮ್ಮ ಸಿಲಬಸ್ಸನ್ನು ಪಕ್ಕದಲ್ಲಿಟ್ಟುಕೊಂಡು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋದೆ. ವೆಕ್ಟರ್ ಕ್ಯಾಲ್ಕುಲಸ್, ಡಿಫರೆನ್ಷಿಯಲ್ ಈಕ್ವೇಷನ್, ಲ್ಯಾಪ್ಲಾಸ್, ಫೊರಿಯರ್ ಎಲ್ಲ ನಮಗಾಗಿವೆ. ಎರಡು ವರ್ಷ ದಂಡವಾಗಲಿಲ್ಲ ಎಂದು ಸಮಾಧಾನ. ಆದರೆ ಲೀನಿಯರ್ ವೆಕ್ಟರ್ ಸ್ಪೇಸ್, ರೆಸಿಡ್ಯೂ ಥಿಯರಂ, ಟೆನ್ಸರ್‌ಗಳ ಎದುರು ನನ್ನ ಹಾಳೆ ಖಾಲಿ.

ಅದಕ್ಕಿಂತ ಹೆಚ್ಚು ಕಾಡಿದ್ದು ‘ಆಗಿದೆ’ ಎಂದು ಗುರುತು ಹಾಕಿದ ಒಂದು ವಿಷಯ: ಐಗನ್ ವ್ಯಾಲ್ಯೂ. ಮೊದಲ ವರ್ಷ ರೇಲೀ ಪವರ್ ಮೆಥಡ್‌ನಲ್ಲಿ ಕ್ಯಾಲ್ಕುಲೇಟರ್ ಒತ್ತಿ ಒತ್ತಿ ಅದನ್ನು ಕಂಡುಹಿಡಿದಿದ್ದೆವು. ಅದು ಏನು ಎಂದು ನಾವು ಕೇಳಲಿಲ್ಲ, ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ. ಕ್ವಾಂಟಂ ಮೆಕ್ಯಾನಿಕ್ಸ್‌ನಲ್ಲಿ ಪರಮಾಣುವಿನ ಶಕ್ತಿಯನ್ನು ಅಳೆದರೆ ಸಿಗುವುದು ಇದೇ ಐಗನ್ ವ್ಯಾಲ್ಯೂ! ಅಳೆದ ಶಕ್ತಿ ಕಾಲ್ಪನಿಕ ಸಂಖ್ಯೆಯಾಗಲು ಸಾಧ್ಯವಿಲ್ಲವಲ್ಲ, ಹಾಗಾದರೆ ಉತ್ತರ ಸದಾ ವಾಸ್ತವ ಸಂಖ್ಯೆಯೇ ಏಕೆ ಬರುತ್ತದೆ? ಅಲ್ಲಿ ಬರುವ ಮ್ಯಾಟ್ರಿಕ್ಸ್ ಹರ್ಮಿಷಿಯನ್ ಆಗಿರುವುದರಿಂದ. ಅಡ್ಡಸಾಲುಗಳನ್ನು ಕಂಬಸಾಲು ಮಾಡಿ, ಪ್ರತಿ ‘ಐ’ನ ಚಿಹ್ನೆ ಬದಲಿಸಿದರೂ ಅದು ಹಾಗೇ ಉಳಿಯುತ್ತದೆ. ಸಾಧನೆ ನಾಲ್ಕೇ ಸಾಲು. ಅದನ್ನು ಪುಸ್ತಕ ಮುಚ್ಚಿಟ್ಟು ಬರೆದ ರಾತ್ರಿ ರೂಮ್‌ಮೇಟ್‌ನ ಎಬ್ಬಿಸಿ ತೋರಿಸಿ ಬೈಸಿಕೊಂಡೆ.

ಸುಲಭವೇನಾಗಿರಲಿಲ್ಲ. ಮೂರನೇ ವಾರದ ಅಸೈನ್‌ಮೆಂಟಿನಲ್ಲಿ ಬಂದಿದ್ದು ನೂರಕ್ಕೆ 30. ಲೆಕ್ಕ ‘ಮಾಡಿ’ ಅಭ್ಯಾಸವಿದ್ದವಳಿಗೆ ‘ಸಾಧಿಸಿ’ ಅಂದರೆ ಎಲ್ಲಿಂದ ಶುರು ಮಾಡುವುದೆಂದೇ ತಿಳಿಯದು. ನಮ್ಮ ಮ್ಯಾಥ್ಸ್ ಮೇಡಂ, ‘ಡೆಫನಿಷನ್ ಉರು ಹೊಡೀಬೇಡ. ಅದಕ್ಕೆ ಒಪ್ಪುವ ಒಂದು ಉದಾಹರಣೆ, ಒಪ್ಪದ ಒಂದು ಉದಾಹರಣೆ ನೀನೇ ಕಟ್ಟು’ ಅಂದರು. ಜೊತೆಗೆ ಎಂಐಟಿಯ ಗಿಲ್ಬರ್ಟ್ ಸ್ಟ್ರಾಂಗ್ ಅವರ ಉಚಿತ ವಿಡಿಯೊ ಪಾಠಗಳು ಕೈಹಿಡಿದವು. ಅಷ್ಟರಲ್ಲಿ ಒಂದು ಕೋರ್ ಸಬ್ಜೆಕ್ಟಿನ ಇಂಟರ್ನಲ್ಸ್ ಕೈಕೊಟ್ಟಿತ್ತು. ಈಗ ಸಿಜಿಪಿಎ 7.1. ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪನಿಗಳ ಕಟ್‌ಆಫ್ 7. ಲೆಕ್ಕ ನಿಮಗೇ ಗೊತ್ತಾಗುತ್ತದೆ.

ನನ್ನಂತೆ ಯೋಚಿಸುವವರು ಒಂದೇ ಸಲಕ್ಕೆ ರಿಯಲ್ ಅನಾಲಿಸಿಸ್‌ಗೆ ಕೈ ಹಾಕಬೇಡಿ ಅನ್ನುತ್ತೇನೆ. ಹೆಸರು ಕೇಳಿಯೇ ಮರುಳಾಗಿ ಎರಡು ವಿಡಿಯೊ ನೋಡಿ ಓಡಿಬಂದವಳು ನಾನು. ಭೌತವಿಜ್ಞಾನಕ್ಕಾದರೆ ಮೊದಲು ಲೀನಿಯರ್ ಆಲ್ಜೀಬ್ರಾ, ಆಮೇಲೆ ಕಾಂಪ್ಲೆಕ್ಸ್ ಅನಾಲಿಸಿಸ್. ಜೀವವಿಜ್ಞಾನದ ಕಡೆ ಕಣ್ಣಿರುವ ನನ್ನ ಗೆಳತಿಗೆ ಪ್ರಾಬಬಿಲಿಟಿ, ಸ್ಟ್ಯಾಟಿಸ್ಟಿಕ್ಸೇ ಮೊದಲು ಬೇಕು.

ಕೊನೆಗೆ ನನಗೆ ಬಂದಿದ್ದು 61. ಆರನೇ ಸೆಮಿಸ್ಟರಿಗೆ ಕಾಂಪ್ಲೆಕ್ಸ್ ಅನಾಲಿಸಿಸ್‌ಗೆ ಸೇರಿದ್ದೇನೆ. ಪಾಠ ಉಚಿತ, ಪರೀಕ್ಷೆಗೆ 1000 ರೂಪಾಯಿ. ಹೋದ ಸಲ ‘ಲ್ಯಾಬ್ ಫೀಸು’ ಎಂದು ಸುಳ್ಳು ಹೇಳಿದ್ದೆ. ಈ ಸಲ ತಿಪಟೂರಿಗೆ ಫೋನ್ ಮಾಡಿ ಅಪ್ಪನಿಗೆ ಎಲ್ಲ ಹೇಳಿದೆ. ಜೆರಾಕ್ಸ್ ಅಂಗಡಿಯ ಮಷಿನ್ ಸದ್ದು ನಿಂತಿತು. ‘ಅದನ್ನ ಓದಿದ್ರೆ ಕೆಲಸ ಸಿಗುತ್ತೇನಮ್ಮ?’ ಅಂದರು. ‘ಬೇಗ ಸಿಗಲ್ಲ ಅಪ್ಪ, ಇನ್ನೂ ಐದಾರು ವರ್ಷ ಓದ್ಬೇಕಾಗುತ್ತೆ’ ಅಂದೆ. ‘ಗಿರಾಕಿ ಬಂದವ್ರೆ, ಆಮೇಲೆ ಮಾತಾಡ್ತೀನಿ’ ಎಂದು ಇಟ್ಟುಬಿಟ್ಟರು.

ರಾತ್ರಿ ಹತ್ತಕ್ಕೆ ಫೋನ್‌ಪೇಯಲ್ಲಿ ಸಾವಿರ ಬಂತು. ಕೆಳಗೆ ‘ಲೆಕ್ಕದ ಫೀಸು’ ಎಂದು ಬರೆದಿದ್ದರು.