ಚೀನಾದ ಅಚ್ಚು, ಜಪಾನಿನ ಮಠ

ಮಧ್ಯಯುಗದ ಜಪಾನಿಗೆ ಚೀನಾದ ಅಚ್ಚುಪುಸ್ತಕಗಳನ್ನು ಹೊತ್ತು ತಂದ ಹಡಗುಗಳು ವರ್ತಕರವಾದರೂ, ಯಾವ ಪುಸ್ತಕ ಬರಬೇಕು, ಬಂದದ್ದು ಎಲ್ಲಿ ಉಳಿಯಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದವರು ಬೌದ್ಧ ಭಿಕ್ಷುಗಳು. ನಾರಾ ನಗರದ ತೋದಾಯ್‌ಜಿ ಮಠದ ಚೋನೆನ್ 983ರಲ್ಲಿ ಸೋಂಗ್ ವಂಶದ ಆಳ್ವಿಕೆಯಲ್ಲಿದ್ದ ಚೀನಾಕ್ಕೆ ಹೋಗಿ, ಚಕ್ರವರ್ತಿ ತಾಯ್‌ಜೊಂಗ್ ಕೊಡುಗೆಯಾಗಿ ನೀಡಿದ ಸಮಗ್ರ ತ್ರಿಪಿಟಕದೊಡನೆ 986ರಲ್ಲಿ ಮರಳಿದರು. ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿನಲ್ಲಿ ಸುಮಾರು 1,30,000 ಹಲಗೆಗಳ ಮೇಲೆ ಕೆತ್ತಿ ಅಚ್ಚು ಹಾಕಿದ, ಐದು ಸಾವಿರಕ್ಕೂ ಹೆಚ್ಚು ಸುರುಳಿಗಳ ಈ ಸಂಗ್ರಹ ಮುಂದೆ ಪ್ರಬಲ ಮಂತ್ರಿ ಫುಜಿವಾರ ಮಿಚಿನಾಗ ಕಟ್ಟಿಸಿದ ಹೋಜೋಜಿ ದೇಗುಲವನ್ನು ಸೇರಿತು. 1058ರಲ್ಲಿ ಆ ದೇಗುಲವೇ ಬೆಂಕಿಗೆ ಆಹುತಿಯಾಯಿತು.

ಬರೆದ ಹಾಳೆಯನ್ನು ಹಲಗೆಗೆ ಮಗುಚಿ ಅಂಟಿಸಿ, ಅಕ್ಷರಗಳ ಸುತ್ತಲಿನ ಮರವನ್ನು ಕೆತ್ತಿ ತೆಗೆದು, ಉಬ್ಬಿ ನಿಂತ ಅಕ್ಷರಗಳಿಗೆ ಶಾಯಿ ಬಳಿದು, ಮೇಲೆ ಕಾಗದ ಹರಡಿ ಉಜ್ಜುವ ಈ ಮರದಚ್ಚಿನ ವಿದ್ಯೆ ಜಪಾನಿಗೆ ಹೊಸತೇನಲ್ಲ. 764ರಿಂದ 770ರ ನಡುವೆ ಅಲ್ಲಿಯ ಅರಮನೆ ಧಾರಣಿಗಳನ್ನು, ಅಂದರೆ ರಕ್ಷಾಮಂತ್ರಗಳನ್ನು, ಅಚ್ಚು ಹಾಕಿಸಿ ಪುಟ್ಟ ಮರದ ಸ್ತೂಪಗಳೊಳಗೆ ಇರಿಸಿತ್ತು. ಅದು ಪುಣ್ಯಕ್ಕಾಗಿ ನಡೆದ ಮುದ್ರಣ, ಓದಿಗಾಗಿ ಅಲ್ಲ. ಓದುವ ಪುಸ್ತಕ ಮತ್ತೆ ಹಲವು ಶತಮಾನ ಕೈಬರಹದಲ್ಲೇ ಉಳಿಯಿತು.

ಸೋಂಗ್ ಆಡಳಿತ ಕೆಲವು ಗ್ರಂಥಗಳು ಗಡಿ ದಾಟದಂತೆ ತಡೆದಿತ್ತಾದರೂ, ಅಂಥ ನಿಷೇಧಗಳು ಕಡಲ ವ್ಯಾಪಾರದೆದುರು ಎಷ್ಟು ದುರ್ಬಲವೆಂಬುದಕ್ಕೆ ಸಾವಿರ ಸಂಪುಟಗಳ ವಿಶ್ವಕೋಶ ‘ತಾಯ್‌ಪಿಂಗ್ ಯೂಲಾನ್’ ಸಾಕ್ಷಿ: 1179ರಲ್ಲಿ ಜಪಾನಿನ ಪ್ರಬಲ ಯೋಧನಾಯಕ ತಾಯ್ರ ಕಿಯೊಮೊರಿ ಅದರ ಪ್ರತಿಯನ್ನು ಅರಮನೆಗೆ ಒಪ್ಪಿಸಿದ. 1241ರಲ್ಲಿ ಚೀನಾದಿಂದ ಮರಳಿದ ಝೆನ್ ಗುರು ಎನ್ನಿ ಸಾವಿರಕ್ಕೂ ಹೆಚ್ಚು ಸಂಪುಟಗಳನ್ನು ತಂದರು. ಅವು ಕ್ಯೋಟೊದ ತೋಫುಕುಜಿ ಮಠದ ಸಂಗ್ರಹವನ್ನು ಸೇರಿದವು. ಅವುಗಳಲ್ಲಿ ಬೌದ್ಧ ಗ್ರಂಥಗಳ ಜೊತೆಗೆ ಕನ್‌ಫ್ಯೂಷಿಯಸ್ ಪರಂಪರೆಯ ವ್ಯಾಖ್ಯಾನಗಳೂ ವೈದ್ಯಗ್ರಂಥಗಳೂ ಇದ್ದುದು ಮಠಗಳ ಓದಿನ ಹರವನ್ನು ತೋರುತ್ತದೆ.

ಹದಿನಾಲ್ಕನೆಯ ಶತಮಾನದಲ್ಲಿ ಚೀನಾದ ಯುವಾನ್ ವಂಶದ ಆಳ್ವಿಕೆ ಕುಸಿಯುತ್ತಿದ್ದಾಗ ಪುಸ್ತಕಗಳ ಹಿಂದೆಯೇ ಅಚ್ಚು ಕೆತ್ತುವವರೂ ಕಡಲು ದಾಟಿದರು. ಯೂ ಲಿಯಾಂಗ್‌ಫುನಂಥ ಚೀನೀ ಕುಶಲಿಗಳು ಕ್ಯೋಟೊದಲ್ಲಿ ನೆಲೆಸಿ ಹಲಗೆ ಕೆತ್ತಿದ್ದರಿಂದ, ‘ಗೊಜಾನ್’ ಎಂದರೆ ‘ಐದು ಬೆಟ್ಟ’ ಎಂಬ ಹೆಸರಿನ ಝೆನ್ ಮಠಗಳ ಪ್ರಕಟಣೆಗಳಿಗೆ ಚೀನೀ ಪುಟದ ಚಹರೆಯೇ ಬಂತು.

ಹೀಗೆ ಬಂದವುಗಳಲ್ಲಿ ಎಷ್ಟೋ ಪುಸ್ತಕಗಳು ತವರಿನಲ್ಲಿ ಅಳಿದು ಜಪಾನಿನಲ್ಲಿ ಉಳಿದವು. ಮಠಗಳ ಜೊತೆಗೆ, ಹೋಜೊ ಸನೆಟೊಕಿ ಈಗಿನ ಯೊಕೊಹಾಮಾದಲ್ಲಿ ಸ್ಥಾಪಿಸಿದ ಕನಜಾವಾ ಬುಂಕೊ ಎಂಬ ಗ್ರಂಥಾಲಯಕ್ಕೂ ಆಶಿಕಾಗಾ ವಿದ್ಯಾಶಾಲೆಗೂ ಇದರ ಶ್ರೇಯ ಸಲ್ಲಬೇಕು. 1880ರಿಂದ 1884ರವರೆಗೆ ಟೋಕಿಯೊದಲ್ಲಿದ್ದ ಚೀನೀ ವಿದ್ವಾಂಸ ಯಾಂಗ್ ಶೌಜಿಂಗ್ ಇಂಥ ಹಳೆಯ ಪ್ರತಿಗಳನ್ನು ಹುಡುಕಿ ಕೊಂಡು ಸ್ವದೇಶಕ್ಕೆ ಒಯ್ದರು. ಅವುಗಳಲ್ಲಿ ಬಹುಪಾಲು ಈಗ ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿವೆ.